ಸೈನ್ಸಿಗೆ ಹಚ್ಚಬೇಕೋ, ಆರ್ಟ್ಸಿಗೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರಿನ ಪಾಲಕರ ಬಾಯಲ್ಲಿ ಒಂದೇ ಪ್ರಶ್ನೆ: ‘ಹುಡುಗನ್ನ ಸೈನ್ಸಿಗೆ ಹಚ್ಚಬೇಕೋ, ಆರ್ಟ್ಸಿಗೆ ಹಚ್ಚಬೇಕೋ?’ ಕೇಳುವುದು ಹೆಸರಿಗೆ ಮಾತ್ರ. ಉತ್ತರ ಮೊದಲೇ ಗೊತ್ತಾಗಿರುತ್ತದೆ. ಎಂಬತ್ತರ ಮೇಲೆ ಬಂದರೆ ಸೈನ್ಸ್, ಅರವತ್ತರ ಆಸುಪಾಸು ಕಾಮರ್ಸ್, ಅದಕ್ಕೂ ಕಡಿಮೆಯಾದರೆ ಆರ್ಟ್ಸ್. ಹುಡುಗಿಯಾದರೆ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ: ಬಸ್ಸು ಎಷ್ಟು ಗಂಟೆಗೆ? ಮಗುವಿಗೆ ಯಾವ ವಿಷಯ ಒಗ್ಗುತ್ತದೆ, ಅದನ್ನು ಆರಿಸಿಕೊಂಡರೆ ಮುಂದೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬ ವಿಚಾರ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಕೆಲವು ಮನೆಗಳಲ್ಲಿ ಬರುವುದೇ ಇಲ್ಲ.

ಮೊದಲು ಪಾಸಿನ ಮಾತು. ಬಹಳ ಕಾಲ ಶೇ. 35 ಎಂಬುದೇ ಗಡಿಯಾಗಿತ್ತು. 2025ರ ಅಕ್ಟೋಬರಿನಲ್ಲಿ ಪ್ರಕಟವಾದ ಬದಲಾವಣೆಯಂತೆ, 2025-26ನೇ ಸಾಲಿನಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಟ್ಟಾರೆ ಶೇ. 33, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30 ಬಂದರೆ ತೇರ್ಗಡೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ನಪಾಸಾದ ಹುಡುಗನನ್ನು ಗೋವಾಕ್ಕೋ ಪುಣೆಗೋ ದುಡಿಯಲು ಕಳಿಸುವ ಮೊದಲು ಮುಂದಿನ ಪರೀಕ್ಷೆಗೆ ಕೂಡ್ರಿಸಬೇಕು. ಆದರೆ ಪಾಸಾಗುವ ಅಂಕ ಬೇರೆ, ಪ್ರವೇಶ ಸಿಗುವ ಅಂಕ ಬೇರೆ. ಎಂಜಿನಿಯರಿಂಗಿಗೆ ಪಿಯುಸಿಯ ಐಚ್ಛಿಕ ವಿಷಯಗಳಲ್ಲಿ ಶೇ. 45 ಬೇಕು, ಮೀಸಲಾತಿ ಇರುವವರಿಗೆ ಶೇ. 40.

ವಿಜ್ಞಾನ ಎಂದರೆ ಒಂದೇ ಹಾದಿಯಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರ ತೆಗೆದುಕೊಂಡರೆ ಅದು ಪಿಸಿಎಂಬಿ. ಜೀವಶಾಸ್ತ್ರದ ಜಾಗದಲ್ಲಿ ಕಂಪ್ಯೂಟರ್ ವಿಜ್ಞಾನ ಬಂದರೆ ಪಿಸಿಎಂಸಿ. ‘ಈಗೆಲ್ಲಾ ಕಂಪ್ಯೂಟರಿನದೇ ಕಾಲ’ ಎಂದು ಅನೇಕರು ಎರಡನೆಯದನ್ನು ಆರಿಸುತ್ತಾರೆ. ಎಂಜಿನಿಯರೇ ಆಗಬೇಕೆಂದು ಗಟ್ಟಿ ಮಾಡಿಕೊಂಡವರಿಗೆ ಅದು ಸರಿ. ಆದರೆ ಕಂಪ್ಯೂಟರ್ ಎಂಜಿನಿಯರಿಂಗ್ ಓದಲು ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿರಲೇಬೇಕೆಂಬ ನಿಯಮವಿಲ್ಲ. ಪಿಸಿಎಂಬಿ ಓದಿದವರೂ ಅಲ್ಲಿಗೆ ಹೋಗಬಹುದು. ತದ್ವಿರುದ್ಧ ದಾರಿ ಅಷ್ಟು ಸಲೀಸಲ್ಲ. ಜೀವಶಾಸ್ತ್ರ ಬಿಟ್ಟವರಿಗೆ ವೈದ್ಯಕೀಯ, ಬಿ.ಎಸ್ಸಿ. ನರ್ಸಿಂಗ್, ಬಿ.ಎಸ್ಸಿ. ಕೃಷಿ ಇವೆಲ್ಲ ದೂರವಾಗುತ್ತವೆ. ಏನಾಗಬೇಕೆಂದು ಇನ್ನೂ ತಿಳಿಯದ ಹದಿನಾರರ ಮಗುವಿಗೆ, ಗಣಿತ ತೀರಾ ಭಾರವಾಗದಿದ್ದರೆ, ನಾಲ್ಕೂ ಇರುವ ಗುಂಪೇ ಕ್ಷೇಮ.

ಭಾರವಾದರೆ? ಅಲ್ಲಿ ಪಾಲಕರು ತುಸು ನಿಲ್ಲಬೇಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ‘ವೇಗೋತ್ಕರ್ಷ’ ಎಂದು ಕಲಿತ ಹುಡುಗಿಗೆ ಜೂನ್ ತಿಂಗಳಲ್ಲಿ ಅದು ‘ಆಕ್ಸಿಲರೇಶನ್’ ಆಗಿ ಎದುರು ನಿಲ್ಲುತ್ತದೆ. ಅವಳಿಗೆ ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಮೊದಲ ಮೂರು ತಿಂಗಳು ಕಿರುಪರೀಕ್ಷೆಯಲ್ಲಿ ಅಂಕ ಬೀಳುತ್ತವೆ, ಮನೆಯಲ್ಲಿ ಬೈಗುಳ ಬೀಳುತ್ತವೆ. ಬೇಸಿಗೆ ರಜೆಯಲ್ಲೇ ಒಂದು ನೋಟುಬುಕ್ಕಿನ ಎಡಗಡೆ ಕನ್ನಡದ ಪಾರಿಭಾಷಿಕ ಪದ, ಬಲಗಡೆ ಇಂಗ್ಲಿಷಿನದು ಬರೆದಿಟ್ಟುಕೊಂಡರೆ ಅರ್ಧ ಹೆದರಿಕೆ ಹೋಗುತ್ತದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು ಎಂಬುದೂ ಹಳ್ಳಿಗಳಲ್ಲಿ ಅನೇಕರಿಗೆ ತಿಳಿದಿಲ್ಲ. ಇನ್ನೊಂದು ಸಂಗತಿ: ರಾಜ್ಯದ ಸಿಇಟಿ ಮೂಲಕ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಅರ್ಧ ಪಾಲು ಪಿಯುಸಿ ಅಂಕಗಳದ್ದು. ಕೋಚಿಂಗಿಗೆ ಸಾಲ ಮಾಡಿ ಲಕ್ಷ ಕಟ್ಟಿ, ಕಾಲೇಜಿನ ಪಾಠಕ್ಕೆ ಚಕ್ಕರ್ ಹೊಡೆಯುವವರು ಆ ಅರ್ಧವನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಪಿಯುಸಿಯೇ ಬೇಕೆಂದೂ ಇಲ್ಲ. ಕೈಗೆಲಸದಲ್ಲಿ ಆಸಕ್ತಿ ಇದ್ದು, ಎರಡು ವರ್ಷ ಪುಸ್ತಕ ಹಿಡಿದು ಕೂಡ್ರಲು ಮನಸ್ಸಿಲ್ಲದ ಹುಡುಗನಿಗೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಅದು ಮುಗಿದ ಮೇಲೆ ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐನಲ್ಲಿ ಎರಡು ವರ್ಷದ ಇಲೆಕ್ಟ್ರಿಷಿಯನ್, ಫಿಟ್ಟರ್ ತರಬೇತಿ ಮುಗಿಸಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ದಾರಿ ಇದೆ. ‘ಐಟಿಐಗೆ ಹಾಕಿದರೆ ಮಂದಿ ಏನಂದಾರು?’ ಎನ್ನುವವರು ತೋಟದ ಪಂಪಿನ ಮೋಟಾರು ಸುಟ್ಟಾಗ ಯಾರನ್ನು ಹುಡುಕಿಕೊಂಡು ಓಡುತ್ತಾರೆ?

ಕಲೆ, ವಾಣಿಜ್ಯದ ಬಗ್ಗೆ ಇರುವ ತಾತ್ಸಾರಕ್ಕಂತೂ ಆಧಾರವಿಲ್ಲ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದ ಪಿಯುಸಿ ಆದರೂ ನಡೆದೀತು. ಐಎಎಸ್, ಕೆಎಎಸ್ ಕೇಳುವುದು ಯಾವುದಾದರೂ ಒಂದು ಪದವಿಯನ್ನು. ಹೆಣ್ಣುಮಕ್ಕಳಿಗೆ ವಿಜಯಪುರದಲ್ಲೇ 2003ರಿಂದ ಮಹಿಳಾ ವಿಶ್ವವಿದ್ಯಾಲಯವಿದೆ. ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಇತಿಹಾಸ ಇಷ್ಟಪಟ್ಟು ಓದುವ ಹುಡುಗಿಯನ್ನು ಅಂಕ ಹೆಚ್ಚು ಬಂತೆಂದೇ ವಿಜ್ಞಾನಕ್ಕೆ ತಳ್ಳುವುದು ಅವಳಿಗೆ ಕೊಡುವ ಬಹುಮಾನವಲ್ಲ.

ಈ ಭಾಗದ ಪಾಲಕರು ಎಡವುವ ಇನ್ನೊಂದು ಜಾಗವಿದೆ. ಭೀಮೆಯ ಆಚೆ ಅಫಜಲಪುರದಲ್ಲೋ, ಪಕ್ಕದ ಜೇವರ್ಗಿಯಲ್ಲೋ ಇರುವ ಬೀಗರ ಮಗನಿಗೆ ಇಂತಿಷ್ಟು ರ‍್ಯಾಂಕಿಗೆ ಸೀಟು ಸಿಕ್ಕಿತು, ನಮ್ಮವನಿಗೂ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಅವು ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಸಂವಿಧಾನದ 371 (ಜೆ) ಮೀಸಲಾತಿ ಅವುಗಳಿಗೆ ಅನ್ವಯಿಸುತ್ತದೆ. ವಿಜಯಪುರ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಹೊಳೆ ದಾಟಿದರೆ ಲೆಕ್ಕವೇ ಬೇರೆ.

ಹಾಗೆಂದು ಕನ್ನೊಳ್ಳಿಯ ಮಕ್ಕಳ ಕೈ ಬರಿದಲ್ಲ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಹತ್ತು ವರ್ಷ ಎಂದರೆ ಪೂರ್ತಿ ಹತ್ತೇ. ಎಂಟನೆಯ ತರಗತಿಗೆ ಪೇಟೆಯ ಶಾಲೆಗೆ ಬದಲಾಯಿಸಿದರೆ ಗ್ರಾಮೀಣದ ಹಕ್ಕು ಹೋಯಿತು. ಅಲ್ಲಿ ಮಾಧ್ಯಮವೂ ಇಂಗ್ಲಿಷಾದರೆ ಎರಡೂ ಹೋದವು. ಏಳನೆಯದನ್ನು ಓದುತ್ತಿರುವ ಮಗುವಿನ ತಂದೆತಾಯಿ ಟಿ.ಸಿ. ಕೇಳುವ ಮೊದಲು ಇದನ್ನು ತೂಗಿ ನೋಡಬೇಕು. ಬಿ.ಎಸ್ಸಿ. ಕೃಷಿಗೆ ಹೋಗಬಯಸುವ ರೈತರ ಮಕ್ಕಳಿಗೆ ಪ್ರತ್ಯೇಕ ಕೃಷಿಕರ ಕೋಟಾ ಇದೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಈ ಪದವಿ ಕಲಿಸುವ ಕಾಲೇಜು ವಿಜಯಪುರದಲ್ಲೇ ಇದೆ.

ಇವಕ್ಕೆಲ್ಲ ದಾಖಲೆ ಬೇಕು. ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ, ಜಾತಿ ಮತ್ತು ಆದಾಯ ಪತ್ರ. ಹೆಸರಿನ ಒಂದು ಅಕ್ಷರ ಶಾಲಾ ದಾಖಲೆಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಹತ್ತನೇ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ತಿದ್ದಿಸಿಕೊಳ್ಳಬೇಕು. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸಲು ಹೊರಟರೆ ತಿಂಗಳುಗಟ್ಟಲೆ ಓಡಾಟ, ಅಷ್ಟರಲ್ಲಿ ಸೀಟು ಹಂಚಿಕೆಯ ದಿನ ಬಂದುಬಿಡುತ್ತದೆ.