ತೂಕ ಹೇರಿದ್ದಕ್ಕೇ ಟೊಯೊಟಾ ಸೋತಿತೇ?

2023ರ ಲೆ ಮಾನ್ಸ್ 24 ಗಂಟೆಗಳ ರೇಸ್‌ಗೆ ಎರಡು ವಾರವೂ ಉಳಿದಿರಲಿಲ್ಲ. ಆಗ ಆಯೋಜಕರು ಟೊಯೊಟಾ ಕಾರಿಗೆ 37 ಕೆ.ಜಿ. ತೂಕ ಏರಿಸಿದರು. ಗೆದ್ದದ್ದು ಫೆರಾರಿ. ‘ಆಯೋಜಕರೇ ಗೆಲ್ಲಿಸಿಬಿಟ್ಟರು’ ಎಂಬ ಮಾತು ಅಂದಿನಿಂದ ಅಭಿಮಾನಿಗಳ ಬಾಯಲ್ಲಿ ನಿಂತುಬಿಟ್ಟಿದೆ.

ಫೆರಾರಿಗೂ 24 ಕೆ.ಜಿ. ಬಿದ್ದಿತ್ತು ಎಂಬುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಟೊಯೊಟಾದ ಒಂದು ಕಾರು ರಾತ್ರಿಯ ಅಪಘಾತದಲ್ಲಿ ಹೊರಬಿತ್ತು. ಇನ್ನೊಂದನ್ನು ಓಡಿಸುತ್ತಿದ್ದ ರಿಯೊ ಹಿರಾಕಾವಾ ಕೊನೆಯ ಎರಡು ಗಂಟೆಯೊಳಗೆ ಆರ್ನಾಜ್ ತಿರುವಿನಲ್ಲಿ ಜಾರಿ ತಡೆಗೋಡೆಗೆ ಗುದ್ದಿದರು. ಇಡೀ ದಿನದ ಓಟದ ಕೊನೆಗೆ ಉಳಿದ ಅಂತರ ಸುಮಾರು 82 ಸೆಕೆಂಡ್. ಮೊದಲೇ ಒಪ್ಪಿದ ವೇಳಾಪಟ್ಟಿ ಬಿಟ್ಟು ತೂಕ ಬದಲಿಸಿದ್ದು ಸರಿಯಲ್ಲ ಎಂಬ ತಕರಾರಿನಲ್ಲಿ ಹುರುಳಿತ್ತು, ನಿಜ. ಆದರೆ ಸೋಲನ್ನೆಲ್ಲ ಅದರ ತಲೆಗೇ ಕಟ್ಟಲಾಗದು.

ಕಾರುಗಳನ್ನು ಸರಿದೂಗಿಸಲು ಹೀಗೆ ತೂಕ ಮುಂತಾದವನ್ನು ಬದಲಿಸುವ ಹೊಂದಾಣಿಕೆಗೆ ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್, ಚಿಕ್ಕದಾಗಿ ಬಿಒಪಿ ಎನ್ನುತ್ತಾರೆ. ಅದು ಎಲ್ಲ ಕಾರುಗಳಿಗೂ ಇರುತ್ತದೆ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಬೆಂಗಳೂರಿನ ರೇಸ್ ಚಾಲಕ ಅರ್ಜುನ್ ಮೈನಿ ಬಿಒಪಿ ಇರುವ, ಇಲ್ಲದ ಎರಡೂ ಬಗೆಯ ರೇಸ್ ಕಂಡವರು. 2019ರಲ್ಲಿ ಲೆ ಮಾನ್ಸ್‌ನಲ್ಲಿ ಅವರು ಓಡಿಸಿದ್ದು ಎಲ್‌ಎಂಪಿ2 ವರ್ಗದ ಒರೆಕಾ ಕಾರು. ಆ ವರ್ಗದಲ್ಲಿ ಎಲ್ಲರಿಗೂ ಒಂದೇ ಎಂಜಿನ್, ಗಿಬ್ಸನ್ ಕಂಪನಿಯ 4.2 ಲೀಟರ್ ವಿ8. ಅಲ್ಲಿ ಬಿಒಪಿ ಇಲ್ಲ. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಗೆ ಬಂದಾಗ ಅವರ ಕೈಗೆ ಮರ್ಸಿಡಿಸ್‌ನ ಜಿಟಿ3 ಕಾರು ಬಂತು. ಅದರ ಎಂಜಿನ್ ಚಾಲಕನ ಮುಂದೆ. ಎದುರಾಳಿ ಔಡಿಯ ವಿ10 ಚಾಲಕನ ಬೆನ್ನಿಗೆ, ಫೆರಾರಿಯದು ಟರ್ಬೊ. ಇಷ್ಟೊಂದು ಬೇರೆಬೇರೆ ಯಂತ್ರಗಳನ್ನು ಒಂದೇ ಕಣಕ್ಕೆ ಇಳಿಸಬೇಕಾದರೆ ತೂಕ, ಎಂಜಿನ್ನಿಗೆ ಹೋಗುವ ಗಾಳಿ, ಟರ್ಬೊ ಒತ್ತಡ, ನೆಲದಿಂದ ಕಾರಿನ ಎತ್ತರ ಎಲ್ಲವನ್ನೂ ತಿದ್ದದೆ ಗತ್ಯಂತರವಿಲ್ಲ. ಬೆಂಗಳೂರಿನವರೇ ಆದ ಅಖಿಲ್ ರಬೀಂದ್ರ ಆಸ್ಟನ್ ಮಾರ್ಟಿನ್ ಓಡಿಸಿದ ಯುರೋಪಿನ ಜಿಟಿ4 ಸರಣಿಯಲ್ಲೂ ಇದೇ ಪದ್ಧತಿ. ತಿದ್ದುವುದು ಕಾರನ್ನು ಮಾತ್ರ. ಚಾಲಕನ ಕೈಚಳಕ, ಟೈರ್ ಉಳಿಸುವ ಜಾಣ್ಮೆ, ಪಿಟ್‌ನಲ್ಲಿನ ಚುರುಕುತನಕ್ಕೆ ಯಾರೂ ತೂಕ ಹೇರುವುದಿಲ್ಲ.

ಗೆದ್ದವರಿಗೆ ಮುಂದಿನ ರೇಸ್‌ನಲ್ಲಿ ಹೊರೆ ಹೊರಿಸುವುದು ಬೇರೆ ನಿಯಮ, ಸಕ್ಸೆಸ್ ಬ್ಯಾಲಸ್ಟ್. 2021ರ ಡಿಟಿಎಂನಲ್ಲಿ ಎರಡೂ ಇದ್ದುದರಿಂದ ಜನ ಇವನ್ನು ಒಂದೇ ಎಂದುಕೊಂಡದ್ದು ಸಹಜವೇ.

ಇನ್ನು ಲ್ಯಾಪ್ ಸಮಯಕ್ಕೂ, ಅಂದರೆ ಒಂದು ಸುತ್ತಿನ ವೇಗಕ್ಕೂ, ಮಿತಿ ಇದೆ ಎಂಬ ಮಾತು. 2008ರಲ್ಲಿ ಸ್ಟೆಫಾನ್ ಸಾರಾಜಾನ್ ಪ್ಯೂಜೊ ಕಾರಿನಲ್ಲಿ ಲೆ ಮಾನ್ಸ್ ಸುತ್ತನ್ನು 3 ನಿಮಿಷ 18.513 ಸೆಕೆಂಡಿನಲ್ಲಿ ಮುಗಿಸಿದ್ದರು. ಆಯೋಜಕರು ಬಯಸಿದ್ದು ಮೂರೂವರೆ ನಿಮಿಷ. ಹಾಗೆಂದು ಅದಕ್ಕಿಂತ ಬೇಗ ಬಂದವರಿಗೆ ದಂಡವೇನೂ ಇರಲಿಲ್ಲ. ಅದು ನಿಯಮ ಬರೆಯುವವರ ಗುರಿ: 2011ಕ್ಕೆ ಡೀಸೆಲ್ ಎಂಜಿನ್ನಿನ ಗಾತ್ರವನ್ನು 5.5 ಲೀಟರಿನಿಂದ 3.7ಕ್ಕೆ ಇಳಿಸಿದರು. ಎಂಜಿನಿಯರುಗಳು ಬಗ್ಗಲಿಲ್ಲ. 2017ರಲ್ಲಿ ಕಮುಯಿ ಕೊಬಯಾಶಿ 3 ನಿಮಿಷ 14.791 ಸೆಕೆಂಡಿಗೆ ತಂದು ನಿಲ್ಲಿಸಿದರು. ನಿಜವಾದ ಕಡಿವಾಣ ಇರುವುದು 24ಎಚ್ ಸರಣಿಯ ಕೆಲವು ಹವ್ಯಾಸಿ ವರ್ಗಗಳಲ್ಲಿ. ಅಲ್ಲಿ ಗೊತ್ತುಪಡಿಸಿದ ಸಮಯಕ್ಕಿಂತ ವೇಗವಾಗಿ ಸುತ್ತಿದರೆ ಶಿಕ್ಷೆ ಉಂಟು. ವೃತ್ತಿಪರ ವೇಗದ ತಂಡಗಳು ಹವ್ಯಾಸಿಗಳ ಸಾಲಿಗೆ ನುಸುಳಬಾರದಲ್ಲ!

ಬಿಒಪಿ ಸುತ್ತ ಊಹಾಪೋಹ ಇಷ್ಟು ಬೆಳೆಯಲು ನಿಯಮಪುಸ್ತಕವೂ ಕಾರಣ. ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್‌ನಲ್ಲಿ ತಂಡಗಳಾಗಲಿ ಚಾಲಕರಾಗಲಿ ಬಿಒಪಿ ಬಗ್ಗೆ ಬಹಿರಂಗವಾಗಿ ಟೀಕೆ ಮಾಡುವಂತಿಲ್ಲ.