ಕಾರ್ಟೂನ್ ನೋಡಿ ಕೋರ್ಟಿಗೆ ಹೋದವರು

ಪ್ರವಾದಿ ಮುಹಮ್ಮದರ ಕಾರ್ಟೂನ್ ವಿವಾದ ಅಂದ ತಕ್ಷಣ ನಮ್ಮ ಫೋನಲ್ಲಿ ಬರೋದು ಬೆಂಕಿ, ಬಂದೂಕು, ಕೂಗಾಟದ ವಿಡಿಯೋ. ಅದೆಲ್ಲ ಆಗಿದ್ದು ನಿಜ. ಆದ್ರೆ ಯುರೋಪಲ್ಲೇ ಬದುಕ್ತಿರೋ, ಅಲ್ಲೇ ಟ್ಯಾಕ್ಸ್ ಕಟ್ಟೋ ಮುಸ್ಲಿಮರು ಏನು ಮಾಡಿದ್ರು? ಇವತ್ತು ಅದನ್ನ ನೋಡೋಣ.

2005ರ ಸೆಪ್ಟೆಂಬರ್ 30ರಂದು ಡೆನ್ಮಾರ್ಕ್‌ನ ಯುಲ್ಲಾಂಡ್ಸ್ ಪೋಸ್ಟನ್ ಪತ್ರಿಕೆ 12 ಕಾರ್ಟೂನ್ ಹಾಕ್ತು. ಎರಡು ವಾರದಲ್ಲಿ ಕೋಪನ್‌ಹೇಗನ್‌ನಲ್ಲಿ ಸಾವಿರಾರು ಜನ ಶಾಂತವಾಗಿ ಮೆರವಣಿಗೆ ಮಾಡಿದ್ರು. ಪೊಲೀಸ್ ದೂರೂ ಕೊಟ್ರು. ಇದರಲ್ಲಿ ಕೇಸ್ ಇಲ್ಲ ಅಂತ ಪ್ರಾಸಿಕ್ಯೂಟರ್ 2006ರ ಜನವರಿಯಲ್ಲಿ ಕೈಬಿಟ್ರು. ಅಷ್ಟರಲ್ಲಿ ಕೆಲವು ಇಮಾಮರು ಫೈಲ್ ಹಿಡಿದು ಈಜಿಪ್ಟ್, ಲೆಬನಾನ್‌ಗೆ ಹೋಗಿ ಬಂದಿದ್ರು. ಫೆಬ್ರವರಿಯಲ್ಲಿ ಡಮಾಸ್ಕಸ್, ಬೈರೂತ್‌ನಲ್ಲಿ ಡೆನ್ಮಾರ್ಕ್ ಕಚೇರಿಗಳಿಗೆ ಬೆಂಕಿ ಬಿತ್ತು. ಅದೇ ತಿಂಗಳು, ಸಿರಿಯಾ ಮೂಲದ ಡೇನಿಶ್ ಸಂಸದ ನಾಸೆರ್ ಖಾದೆರ್ ಈ ಇಮಾಮರು ನಮ್ಮೆಲ್ಲರ ಪ್ರತಿನಿಧಿಗಳಲ್ಲ ಅಂತ 'ಡೆಮಾಕ್ರಟಿಕ್ ಮುಸ್ಲಿಮ್ಸ್' ಸಂಘಟನೆ ಕಟ್ಟಿದ್ರು. ಅಂದ್ರೆ ಆ ಪುಟ್ಟ ದೇಶದ ಮುಸ್ಲಿಮರಲ್ಲೇ ಒಂದು ಮಾತಿರಲಿಲ್ಲ.

ನನಗೆ ಇದಕ್ಕಿಂತ ಇಂಟರೆಸ್ಟಿಂಗ್ ಅನಿಸಿದ್ದು ಫ್ರಾನ್ಸ್ ಕಥೆ. ಶಾರ್ಲಿ ಎಬ್ದೊ ಅನ್ನೋ ವ್ಯಂಗ್ಯ ಪತ್ರಿಕೆ ಆ ಕಾರ್ಟೂನ್‌ಗಳನ್ನ ಮತ್ತೆ ಪ್ರಿಂಟ್ ಮಾಡ್ತು. ಪ್ಯಾರಿಸ್‌ನ ದೊಡ್ಡ ಮಸೀದಿ ಮತ್ತು ಇನ್ನೊಂದು ಮುಸ್ಲಿಂ ಒಕ್ಕೂಟ ಕೇಸ್ ಹಾಕಿದ್ವು. ನಾನು ಬಿಕಾಂ ಹುಡುಗ, ಕಾನೂನು ಅಷ್ಟಕ್ಕಷ್ಟೆ. ಆದ್ರೂ ಇದು ಅರ್ಥ ಆಯ್ತು. ಫ್ರಾನ್ಸಲ್ಲಿ ಧರ್ಮವನ್ನ ಎಷ್ಟು ಬೇಕಾದ್ರೂ ಗೇಲಿ ಮಾಡಬಹುದು, ತಪ್ಪಲ್ಲ. ಧರ್ಮದ ಕಾರಣಕ್ಕೆ ಜನರನ್ನ ಅವಮಾನಿಸಿದ್ರೆ ಅಪರಾಧ. ಹಾಗಾಗಿ ಮಸೀದಿಯವರು ದೇವನಿಂದೆ ಅಂತ ವಾದ ಮಾಡಲೇ ಇಲ್ಲ. ಪ್ರವಾದಿ ಪೇಟದಲ್ಲಿ ಬಾಂಬ್ ಬರೆದ್ರೆ ನಾವೆಲ್ಲ ಟೆರರಿಸ್ಟ್‌ಗಳು ಅಂದ ಹಾಗಲ್ವಾ, ಅಂತ ಕೇಳಿದ್ರು.

2007ರ ಮಾರ್ಚ್ 22ಕ್ಕೆ ತೀರ್ಪು ಬಂತು. ಆ ಬಾಂಬ್ ಚಿತ್ರವನ್ನಷ್ಟೇ ತೆಗೆದು ನೋಡಿದ್ರೆ ಮುಸ್ಲಿಮರಿಗೆ ನೋವಾಗಬಹುದು, ಆದ್ರೆ ಪತ್ರಿಕೆಯ ಗುರಿ ಭಯೋತ್ಪಾದಕರು, ಎಲ್ಲ ಮುಸ್ಲಿಮರಲ್ಲ ಅಂತ ಹೇಳಿ ಕೋರ್ಟ್ ಖುಲಾಸೆ ಮಾಡ್ತು. 2008ರಲ್ಲಿ ಅಪೀಲ್‌ನಲ್ಲೂ ಅದೇ ತೀರ್ಪು. ಸೋತ್ರು, ಸರಿ. ಆದ್ರೆ 'ಇದು ನಮ್ಮ ದೇಶ, ನಮ್ಮ ಕೋರ್ಟ್' ಅನ್ನೋ ನಂಬಿಕೆ ಇಲ್ಲದೆ ಯಾರೂ ಆ ಮೆಟ್ಟಿಲು ಹತ್ತಲ್ಲ. ಈ ಭಾಗ ಯಾವ ರೀಲ್ಸಲ್ಲೂ ಬರಲಿಲ್ಲ.

ಆಮೇಲೆ 2015ರ ಜನವರಿ 7. ಇಬ್ಬರು ಬಂದೂಕುಧಾರಿಗಳು ಅದೇ ಪತ್ರಿಕೆಯ ಮೇಲೆ ದಾಳಿ ಮಾಡಿ 12 ಜನರನ್ನ ಕೊಂದ್ರು. ಫುಟ್‌ಪಾತ್ ಮೇಲೆ ಗುಂಡೇಟಿಗೆ ಸತ್ತ ಪೊಲೀಸ್ ಅಹ್ಮದ್ ಮೆರಾಬೆ ಕೂಡ ಮುಸ್ಲಿಮರೇ. 'ನಾನು ಶಾರ್ಲಿ' ಅನ್ನೋ ಹ್ಯಾಶ್‌ಟ್ಯಾಗ್ ಪಕ್ಕದಲ್ಲಿ 'ನಾನು ಅಹ್ಮದ್' ಕೂಡ ಓಡ್ತು. ಮೂರು ದಿನದ ನಂತರ ಅವರ ಅಣ್ಣತಮ್ಮಂದಿರಲ್ಲೊಬ್ಬರು ಮೈಕ್ ಮುಂದೆ ಬಂದು ಕೇಳಿಕೊಂಡಿದ್ದು ಇಷ್ಟೇ: ಉಗ್ರರನ್ನೂ ಮುಸ್ಲಿಮರನ್ನೂ ಒಂದೇ ಮಾಡಬೇಡಿ, ಮಸೀದಿ ಸುಡಬೇಡಿ, ಯಹೂದಿಗಳ ಪ್ರಾರ್ಥನಾ ಮಂದಿರವನ್ನೂ ಸುಡಬೇಡಿ.