ಪಾವ್‌ಭಾಜಿ ಬಿಟ್ಟ ಕಾಮತರು, ಬಿಸ್ಕತ್ತು ಬಿಟ್ಟ ನಾವು

'ಅಜ್ಜಿಯ ಕೈರುಚಿ, ನೂರು ವರ್ಷದ ಗುಟ್ಟು' ಅಂತ ನಮ್ಮ ಚಟ್ನಿಪುಡಿ ಪ್ಯಾಕೆಟ್ ಮೇಲೆ ಹಾಕಿಸಿದ್ದು ನಾನೇ. ಲೇಬಲ್ ಪ್ರಿಂಟಾಗಿ ಬಂದ ದಿನ ಅಮ್ಮ ಕನ್ನಡಕ ಏರಿಸಿಕೊಂಡು ಓದಿದಳು.

"ಯಾವ ಅಜ್ಜಿನೋ ಇದು? ನಿಮ್ಮಜ್ಜಿ ಚಟ್ನಿಪುಡೀನ ಪಕ್ಕದ ಮನೆಯವರ ಹತ್ರ ಇಸ್ಕೊಂಡು ತಿಂತಿದ್ರು. ನಾನು ಕಲಿತಿದ್ದೇ ವಿಜಯನಗರಕ್ಕೆ ಬಂದ್ಮೇಲೆ."

ಐನೂರು ಲೇಬಲ್ ಆಗಲೇ ಪ್ರಿಂಟಾಗಿತ್ತು. ದುಡ್ಡು ದಂಡ ಯಾಕೆ ಅಂತ ಅಂಟಿಸಿಯೇ ಬಿಟ್ಟೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ವೈಟ್‌ಫೀಲ್ಡ್‌ಗೆ ಹೋಗಿ ಬರೋದು ನನ್ನ ದಿನಚರಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ತುಂಬಾ ಮಂಕಾಗಿದ್ದಳು. ಅವಳ ಕೈಗೊಂದು ಕೆಲಸ ಇರಲಿ, ತನ್ನದೇ ಅಂತ ನಾಲ್ಕು ಕಾಸು ಇರಲಿ ಅಂತ ಈ ವ್ಯಾಪಾರ ಶುರುವಾಗಿದ್ದು. ಉದ್ಯಮ್ ನೋಂದಣಿ, ಎಫ್‌ಎಸ್‌ಎಸ್‌ಎಐ ನೋಂದಣಿ ಎರಡೂ ಅವಳ ಹೆಸರಲ್ಲೇ. ಕಾಗದದ ಮೇಲೆ ಮಾಲೀಕಳು ಅವಳು. ಆದರೆ ಬೆಲೆ, ಲೋಗೊ, ಇನ್‌ಸ್ಟಾಗ್ರಾಂ, ಏನು ಮಾರಬೇಕು ಏನು ಬೇಡ, ಎಲ್ಲವೂ ತೀರ್ಮಾನ ಆಗುತ್ತಿದ್ದದ್ದು ನನ್ನ ಲ್ಯಾಪ್‌ಟಾಪಿನ ಎಕ್ಸೆಲ್ ಶೀಟಿನಲ್ಲಿ.

ಚಟ್ನಿಪುಡಿ ಒಂದನ್ನೇ ನಂಬಿಕೊಂಡರೆ ವ್ಯಾಪಾರ ಬೆಳೆಯಲ್ಲ ಅಂತ ಆ ಶೀಟು ಹೇಳಿತು. ರಾಗಿ, ಸಿರಿಧಾನ್ಯ ಅಂದರೆ ಜನ ಮುಗಿಬೀಳುವ ಕಾಲ. ಒಂದು ಬೇಕರಿಯಿಂದ ರಾಗಿ ಬಿಸ್ಕತ್ತು ಸಗಟಿನಲ್ಲಿ ತಂದು, ನಮ್ಮ ಡಬ್ಬಿಗೆ ತುಂಬಿ ಮಾರತೊಡಗಿದೆ. ತಯಾರಕರ ಹೆಸರು ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇತ್ತು, ಕಾನೂನಿನ ಪ್ರಕಾರ ತಪ್ಪೇನಿಲ್ಲ. ಆರೇ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆದಾಯ ಬಿಸ್ಕತ್ತಿನಿಂದಲೇ ಬರತೊಡಗಿತು. ನಾನಂತೂ ಬೀಗುತ್ತಿದ್ದೆ.

2023ರ ನವೆಂಬರ್‌ನಲ್ಲಿ ಹತ್ತಿರದ ಅಪಾರ್ಟ್‌ಮೆಂಟೊಂದರ ರಾಜ್ಯೋತ್ಸವಕ್ಕೆ ಒಂದು ಮೇಜು ಹಾಕಿದ್ದೆವು. ಒಬ್ಬರು ಬಿಸ್ಕತ್ತು ತಿಂದು, "ಎಷ್ಟು ಗರಿಗರಿಯಾಗಿದೆ ಆಂಟಿ! ಬೆಣ್ಣೆ ಹಾಕ್ತೀರಾ, ತುಪ್ಪಾನಾ?" ಅಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ನಕ್ಕು ಮಾತು ಮರೆಸಿದೆ. ಕಡಲೆಬೇಳೆ ಯಾವ ಬಣ್ಣಕ್ಕೆ ಬರೋವರೆಗೆ ಹುರಿಯಬೇಕು, ಗುಂಟೂರು ಮೆಣಸಿನಕಾಯಿ ಬಿಟ್ಟು ಬ್ಯಾಡಗಿ ಯಾಕೆ ಹಾಕಬೇಕು ಅಂತ ಕೇಳಿದ್ದರೆ ಹತ್ತು ನಿಮಿಷ ಮಾತಾಡುತ್ತಿದ್ದ ಹೆಂಗಸು, ಆಮೇಲೆ ಕುರ್ಚಿ ಬಿಟ್ಟು ಏಳಲೇ ಇಲ್ಲ. ಮನೆಗೆ ಬಂದ ಮೇಲೆ, "ನಿನ್ನ ಅಂಗಡೀಲಿ ನಾನು ಬೊಂಬೆ ಥರ ಕೂರಬೇಕಾ?" ಅಂದಳು.

'ನಿನ್ನ ಅಂಗಡಿ' ಅನ್ನೋ ಮಾತು ನಾಟಿತು. ಆದರೂ ಬಿಸ್ಕತ್ತು ನಿಲ್ಲಿಸಲಿಲ್ಲ. ಸುಳ್ಳು ಯಾಕೆ, ದುಡ್ಡು ಬರುತ್ತಿತ್ತಲ್ಲ.

2024ರ ಮೇ ತಿಂಗಳಲ್ಲಿ 'ನ್ಯಾಚುರಲ್ಸ್' ಐಸ್‌ಕ್ರೀಂನ ರಘುನಂದನ್ ಕಾಮತ್ ತೀರಿಕೊಂಡರು. ಮೆಟ್ರೊದಲ್ಲಿ ನಿಂತುಕೊಂಡೇ ಅವರ ಕಥೆ ಓದಿದೆ. ದಕ್ಷಿಣ ಕನ್ನಡದ ಮೂಲ್ಕಿ ಕಡೆಯವರು, ಹಣ್ಣಿನ ವ್ಯಾಪಾರಿಯ ಮಗ. ಅಪ್ಪನ ಜೊತೆಗಿದ್ದು ಯಾವ ಹಣ್ಣು ಹದವಾಗಿದೆ ಅಂತ ಆರಿಸೋದು ಕಲಿತಿದ್ದರು. ಹುಡುಗನಾಗಿದ್ದಾಗಲೇ ಮುಂಬೈ ಸೇರಿ ಅಣ್ಣನ ಹೋಟೆಲಿನಲ್ಲಿ ದುಡಿದರು. 1984ರಲ್ಲಿ ಜುಹುವಿನಲ್ಲಿ ತಮ್ಮದೇ ಪುಟ್ಟ ಅಂಗಡಿ ತೆರೆದರು. ಬರೀ ಐಸ್‌ಕ್ರೀಂಗೆ ಜನ ಬರುತ್ತಾರೋ ಇಲ್ಲವೋ ಅಂತ ಅಲ್ಲಿ ಪಾವ್‌ಭಾಜಿಯನ್ನೂ ಇಟ್ಟಿದ್ದರು. ಖಾರ ತಿಂದವರು ತಣ್ಣಗಿನದ್ದಕ್ಕೆ ಕೈ ಚಾಚುತ್ತಾರೆ ಅನ್ನೋ ಲೆಕ್ಕ. ಆದರೆ ಮರುವರ್ಷವೇ ಪಾವ್‌ಭಾಜಿ ನಿಲ್ಲಿಸಿ, ಹಣ್ಣು, ಹಾಲು, ಸಕ್ಕರೆಯ ಐಸ್‌ಕ್ರೀಂ ಒಂದಕ್ಕೇ ನಿಂತುಬಿಟ್ಟರು. ಹಣ್ಣು ಬಿಡಿಸುವ ಕೆಲಸಕ್ಕೆ ಬೇಕಾದ ಯಂತ್ರಗಳನ್ನೂ ತಾವೇ ರೂಪಿಸಿಕೊಂಡರು.

ಇಂಥ ಕಥೆ ಹೇಳುವವರು ಸಾಮಾನ್ಯವಾಗಿ ಕೊನೆಯಲ್ಲಿ ಬರುವ ಕೋಟಿಗಳ ಲೆಕ್ಕಕ್ಕೆ ಓಡುತ್ತಾರೆ. ನನ್ನ ತಲೆಯಲ್ಲಿ ಉಳಿದದ್ದು ಪಾವ್‌ಭಾಜಿ. ಅದು ಗಿರಾಕಿಯನ್ನು ಅಂಗಡಿಗೆ ಕರೆತರುತ್ತಿದ್ದ ತಿಂಡಿ. ಅದನ್ನು ಬಿಡಬೇಕಾದರೆ ಎಷ್ಟು ರಾತ್ರಿ ನಿದ್ದೆಗೆಟ್ಟರೋ. ಆದರೆ ಪಾವ್‌ಭಾಜಿಯನ್ನು ಯಾರು ಬೇಕಾದರೂ ಮಾಡಬಹುದು, ಹಣ್ಣು ಅವರ ಕೈಗೆ ಗೊತ್ತಿದ್ದ ವಿದ್ಯೆ. ನಮ್ಮ ಮನೆಯ ಪಾವ್‌ಭಾಜಿ ಯಾವುದು ಅಂತ ಯೋಚಿಸೋಕೆ ಮೆಜೆಸ್ಟಿಕ್ ದಾಟುವಷ್ಟು ಹೊತ್ತೂ ಬೇಕಾಗಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಬಿಸ್ಕತ್ತು ನಿಲ್ಲಿಸಿದ್ರೆ ಹೇಗಮ್ಮ?"

"ಎಷ್ಟು ಕಮ್ಮಿ ಆಗುತ್ತೆ?"

"ಅರ್ಧಕ್ಕಿಂತ ಜಾಸ್ತಿ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಡಬ್ಬಿ ಉಳಿದಿದೆ? ಅದನ್ನ ಮಾರಿ ಮುಗಿಸು. ಕೇಳಿದೋರಿಗೆ ಬೇಕರಿದು ಅಂತ ಹೇಳು" ಅಂದಳು.

ಮುಂದಿನ ಮೂರು ತಿಂಗಳು ಚೆನ್ನಾಗೇನೂ ಇರಲಿಲ್ಲ. ಆರ್ಡರ್ ಇಳಿಯಿತು, ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ ಸಂಬಳ ಕೊಡಲು ನನ್ನ ಜೇಬಿನಿಂದ ಹಾಕಿದೆ. ಅಷ್ಟರಲ್ಲಿ ಒಬ್ಬ ಅಂಗಡಿಯವರು ತಿಂಗಳಿಗೆ ಇನ್ನೂರು ಕೆಜಿ ಚಟ್ನಿಪುಡಿ ತಗೋತೀವಿ ಅಂದರು. ಆದರೆ ಆರು ತಿಂಗಳು ಕೆಡಬಾರದು, ಕೊಬ್ಬರಿ ಹಾಕೋದು ಬಿಡಿ ಅಂತ ಷರತ್ತು. ಅವರ ಮಾತಿನಲ್ಲಿ ತಪ್ಪಿಲ್ಲ. ಕೊಬ್ಬರಿಯಲ್ಲಿ ಎಣ್ಣೆಯಂಶ ಜಾಸ್ತಿ, ನಮ್ಮ ಪುಡಿಯಲ್ಲಿ ತಿಂಗಳು ಕಳೆದರೆ ಕಮಟು ವಾಸನೆ ಶುರು. ಎಕ್ಸೆಲ್ ಶೀಟು 'ಹೂಂ' ಅಂದಿತು. ಅಮ್ಮ, "ಕೊಬ್ಬರಿ ಇಲ್ದಿದ್ರೆ ಅದು ಬರೀ ಬೇಳೆಪುಡಿ ಕಣೋ. ನನ್ನ ಹೆಸರು ಹಾಕ್ಬೇಡ" ಅಂದಳು. ಈ ಸಲ ನಾನು ಎದುರು ಮಾತಾಡಲಿಲ್ಲ.

ಬೆಲೆಗೂ ರುಚಿಗೂ ನಡೆಯುವ ಈ ಜಗ್ಗಾಟ ಬೆಂಗಳೂರಿಗೆ ಹೊಸದಲ್ಲ. 1924ರಲ್ಲಿ ಶುರುವಾದ ಎಂಟಿಆರ್ ತುರ್ತುಪರಿಸ್ಥಿತಿಯ ಕಾಲದಲ್ಲಿ ಇದಕ್ಕೇ ಸಿಕ್ಕಿಬಿದ್ದಿತ್ತು. ಹೋಟೆಲ್ ತಿಂಡಿಯನ್ನು ತೀರಾ ಕಡಿಮೆ ಬೆಲೆಗೆ ಮಾರಬೇಕು ಅಂತ ಸರ್ಕಾರ ಕಟ್ಟುಮಾಡಿದಾಗ, ಆ ಬೆಲೆಗೆ ಅದೇ ಗುಣಮಟ್ಟ ಕೊಡೋದು ಕಷ್ಟವಾಗಿ ಮಯ್ಯರ ಮನೆತನ ದಿಢೀರ್ ತಿಂಡಿಗಳ ಪುಡಿಯ ಕಡೆ ತಿರುಗಿತು. ವಿಚಿತ್ರ ನೋಡಿ, ಆ ಪುಡಿಗಳ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲು ಮಾತ್ರ ಮನೆತನದ ಕೈಯಲ್ಲೇ ಉಳಿಯಿತು.

2025ರಲ್ಲಿ ಕೊಬ್ಬರಿ ಬೆಲೆ ಏರಿದಾಗ ಮತ್ತೊಮ್ಮೆ ಇಕ್ಕಟ್ಟು. ಕೊಬ್ಬರಿ ಅಳತೆ ಇಳಿಸುವ ಬದಲು ಅಮ್ಮ ಪ್ಯಾಕೆಟ್ಟನ್ನೇ 200 ಗ್ರಾಮಿನಿಂದ 100ಕ್ಕೆ ಇಳಿಸಿದಳು. ಬೆಲೆ ಎಷ್ಟು ಅಂತಲೂ ಅವಳೇ ಹೇಳಿದಳು, ನಾನು ಬರೆದುಕೊಂಡೆ. ಈಗ ಶನಿವಾರ ಹುರಿಯೋದು, ಭಾನುವಾರ ಕೊಡೋದು. ಬಿಸ್ಕತ್ತಿನ ಕಾಲದ ಆದಾಯ ಇನ್ನೂ ಮುಟ್ಟಿಲ್ಲ. ನನ್ನ ಕೈಯಿಂದ ಹಾಕೋದು ಮಾತ್ರ ನಿಂತಿದೆ.

ಹೊಸ ಲೇಬಲ್‌ನಲ್ಲಿ ಅಜ್ಜಿ ಇಲ್ಲ. ಅಮ್ಮನ ಹೆಸರು, ಹುರಿದ ತಾರೀಕು, ಅದರ ಕೆಳಗೆ 'ಒಂದು ತಿಂಗಳೊಳಗೆ ಮುಗಿಸಿ, ಆಮೇಲೆ ಕಮಟು ಬರುತ್ತೆ' ಅಂತ ಅವಳೇ ಹೇಳಿ ಬರೆಸಿದ ಸಾಲು. ಹಳೇ ಲೇಬಲ್ ಇನ್ನೂ ನೂರೈವತ್ತು ಉಳಿದಿವೆ. ನನ್ನನ್ನು ಮಿಲ್ಲಿಗೆ ಕಳಿಸುವಾಗ ಅಮ್ಮ ಅವುಗಳ ಹಿಂದೆಯೇ ತೂಕ ಬರೆದು ಕೊಡುತ್ತಾಳೆ.